ಕಿನುಯೆ ನೆಟ್ಟ ಇಳಿಜಾರು

ಮಾನ್ಯ ಮೇಯರ್ ಇನೊಮಾತಾ ಅವರೇ, ಪುರಸಭೆಯ ಸದಸ್ಯರೇ, ಬೆಳಿಗ್ಗೆ ಮಾಡಿನ ನೆತ್ತಿಯ ತೊಲೆ ಏರಿಸಿದ ಬಡಗಿಗಳೇ, ಮೂಗು ಒರೆಸಿಕೊಳ್ಳುತ್ತ ಕುಳಿತಿರುವ ಸಭಿಕರೇ,

ನಾನು ಓದು ಬಿಟ್ಟು ಕೊಡಲಿ ಹಿಡಿದವನು. ಚಂದದ ಮಾತು ಬರುವುದಿಲ್ಲ. ಸೀನುವವರು ಸೀನಿ, ನಾನು ನಿಲ್ಲಿಸುವುದಿಲ್ಲ.

ಈ ಶಿಶುವಿಹಾರ ನಮ್ಮ ಬೆಟ್ಟದ ಸುಗಿ ಮರದ್ದು, ನಮ್ಮ ದೇವದಾರಿನದು. ನೋಡೋಣವೆಂದು ಇದೊಂದಕ್ಕೆ ಒಪ್ಪಿದಿರಿ. ಇನ್ನು ಊರಿನ ಸರ್ಕಾರಿ ಕಟ್ಟಡಗಳನ್ನೆಲ್ಲ ನಮ್ಮ ಮರದಲ್ಲೇ ಕಟ್ಟಬೇಕೆಂಬ ನಿಯಮ ಸೋಮವಾರ ನಿಮ್ಮ ಮುಂದೆ ಬರುತ್ತದೆ. ಸಿಮೆಂಟು ಸುಡುವಾಗ ಏಳುವ ಹೊಗೆ ಎಷ್ಟು, ಮರ ಹೀರಿ ತನ್ನೊಳಗೇ ಹಿಡಿದಿಡುವುದು ಎಷ್ಟು ಎಂದು ಅರಣ್ಯ ಕಚೇರಿಯ ಹುಡುಗಿ ಶಿಯೋತ್ಸುಕಿ ಆಗಲೇ ಹೇಳಿದಳು. ಸರಿಯಾಗಿಯೇ ಹೇಳಿದಳು. ನನ್ನ ಮಾತು ಬೇರೆ.

ಈ ಮರಗಳನ್ನು ನೆಟ್ಟವರು ಯಾರು? ಯುದ್ಧಕಾಲದಲ್ಲಿ ಬೋಳಾದ ಬೆಟ್ಟಕ್ಕೆ ಸುಗಿ ನೆಡಿ ಎಂದಿತು ಸರ್ಕಾರ. ನೆಟ್ಟೆವು. ನನ್ನ ಹೆಂಡತಿ ಕಿನುಯೆ ಮದುವೆಯಾಗಿ ಬಂದ ವಸಂತದಲ್ಲೇ ಸಸಿಯ ಹೊರೆ ಬೆನ್ನಿಗೆ ಕಟ್ಟಿಕೊಂಡು ಹತ್ತಿದಳು.

"ಏನ್ರೀ, ಸೊಸೆ ತಂದ್ರೋ, ಹೇರು ಹೊರೋ ಕುದುರೆ ತಂದ್ರೋ?"

"ಕುದುರೆ ಇಷ್ಟು ಮಾತಾಡಲ್ಲ. ಹತ್ತು," ಎಂದೆ.

ನಕ್ಕಳು. ಹತ್ತಿದಳು.

ಮರ ಬಲಿಯುವಷ್ಟರಲ್ಲಿ ಹೊರದೇಶದ ಅಗ್ಗದ ಮರ ಬಂತು, ಕಾಂಕ್ರೀಟು ಬಂತು. ಕೆಳಗಿಳಿಸುವ ಕೂಲಿಯೂ ಹುಟ್ಟದ ಮರವನ್ನು ಯಾರು ಕಡಿಯುತ್ತಾರೆ? ಬೆಟ್ಟ ಹಾಗೆಯೇ ಮುದಿಯಾಯಿತು. ಈಗ ಫೆಬ್ರವರಿ ಬಂತೆಂದರೆ ಅಲ್ಲಿಂದ ಪರಾಗ ಹಳದಿ ಹೊಗೆಯಂತೆ ಇಳಿಯುತ್ತದೆ. ನೀವು ಸೀನುತ್ತೀರಿ. ಕಿನುಯೆಗೆ ಉಸಿರೇ ಕಟ್ಟುತ್ತದೆ. ಚೆರಿ ಹೂವನ್ನೂ ಕಿಟಕಿ ಮುಚ್ಚಿಕೊಂಡು ಗಾಜಿನ ಮೂಲಕವೇ ನೋಡುತ್ತಾಳೆ. ನಾನು ಹೊರಗಿನಿಂದ ಬಂದರೆ ಬಾಗಿಲಲ್ಲೇ ಬಟ್ಟೆ ಬಿಚ್ಚಿ ಒಳಗೆ ಹೋಗಬೇಕು.

"ಪಕ್ಕದ್ಮನೆಯವ್ರು ನೋಡ್ತಾರೆ ಕಣೇ!"

"ನೋಡೋಕೆ ಅಲ್ಲೇನು ಉಳಿದಿದೆ?"

ನಗಬೇಡಿ. ತಾನು ನೆಟ್ಟ ಮರವೇ ಅವಳನ್ನು ಮನೆಯೊಳಗೆ ಕೂಡಿಹಾಕಿದೆ. ನಾನು ಮರವನ್ನು ಬೈದರೆ ನನ್ನನ್ನೇ ಗದರುತ್ತಾಳೆ: "ಅವಕ್ಕೇನ್ರೀ ಗೊತ್ತು? ಕಡೀತೀವಿ ಅಂತ ನೆಟ್ಟು, ಕಡೀದೇ ಬಿಟ್ಟೋರು ನಾವು."

ನಿಯಮ ಬಂದರೆ ಶಾಲೆಗೆ, ಆಸ್ಪತ್ರೆಗೆ, ಬಸ್ ನಿಲ್ದಾಣಕ್ಕೆ ಎಂದು ವರ್ಷವರ್ಷವೂ ಒಂದೊಂದು ಇಳಿಜಾರು ತೆರವಾಗುತ್ತದೆ. ಅಲ್ಲಿ ಪರಾಗ ಕಡಿಮೆಯಿರುವ ಹೊಸ ತಳಿಯ ಸಸಿ ನೆಡಬಹುದು. ಬಾರದಿದ್ದರೆ? ಒಂದು ಶಿಶುವಿಹಾರ ಕಟ್ಟಿ ಫೋಟೋ ತೆಗೆಸಿಕೊಂಡೆವು, ಅಷ್ಟೆ. ನೆಡಿ ಎಂದ ಸರ್ಕಾರಕ್ಕೆ, ಕಡಿದು ಬಳಸಿ ಎನ್ನುವ ಬಾಯಿಯೂ ಇರಬೇಡವೇ?

ಮೊದಲು ನಮ್ಮ ಮನೆಯ ಹಿಂದೆ ಕಿನುಯೆ ನೆಟ್ಟ ಇಳಿಜಾರನ್ನೇ ಕಡಿಯಿರಿ ಎನ್ನುತ್ತಿದ್ದೇನೆ. ಸ್ವಾರ್ಥವೇ? ಹೌದು, ಸ್ವಾರ್ಥವೇ. ಗಾಳಿ ದೂರದ ಬೆಟ್ಟಗಳಿಂದಲೂ ಪರಾಗ ತರುತ್ತದೆ, ಗೊತ್ತು. ಅರ್ಧ ಕಡಿಮೆಯಾದರೂ ಅವಳು ಬಾಗಿಲು ತೆರೆದಾಳು.

ಇವತ್ತು ಹೊರಡುವಾಗ ಒಳಗಿನಿಂದಲೇ ಕೂಗಿ ಹೇಳಿದಳು, "ಅಲ್ಲಿ ಹೋಗಿ ಜಗಳ ಆಡ್ಬೇಡಿ. ಕೇಳ್ಕೊಳ್ಳಿ." ಕೇಳಿಕೊಂಡು ನನಗೆ ಅಭ್ಯಾಸವಿಲ್ಲ. ಆದರೂ ತಲೆ ಬಾಗಿ ಕೇಳಿಕೊಳ್ಳುತ್ತಿದ್ದೇನೆ, ಸೋಮವಾರ ನಿಯಮದ ಪರವಾಗಿ ಕೈ ಎತ್ತಿ. ಒಂದು ವಸಂತ ಅವಳ ಜತೆ ಅಂಗಳದಲ್ಲಿ ಚಾಪೆ ಹಾಸಿ ಕೂತು ಚಹಾ ಕುಡಿಯಬೇಕು. ನಮಗಿನ್ನು ಬಹಳ ವಸಂತಗಳಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡಿರಿ, ನಿಮ್ಮ ಉಪಕಾರ ದೊಡ್ಡದು. ನಮಸ್ಕಾರ.