ನಾಲ್ಕೆಸಳಿನ ಗಿಡಗಳು

ಹಲೋ... ಹಲೋ, ಯಾರು ಮಾತಾಡ್ತಿರೋದು? ಪುಟ್ಟೀನಾ? ...

ನಾನು. ... ನಾನು ಅಂದ್ರೆ ನಾನೇ ಕಣೇ, ಅತ್ತಿಗೆ. ...

ಯಾವ ಅತ್ತಿಗೆ ಅಂದ್ರೆ? ನಿನಗಿರೋದು ಒಬ್ಬರೇ ಅಣ್ಣ. ಅವರಿಗಿರೋದು ಒಬ್ಬಳೇ ಹೆಂಡ್ತಿ, ನನಗೆ ಗೊತ್ತಿರೋ ಮಟ್ಟಿಗೆ. ... ಹಾಂ, ನಾವಿಬ್ರೂ ಮಾತಾಡಿ ಎರಡು ವರ್ಷ ಆಯ್ತು. ... ಎರಡು ವರ್ಷ ಹದಿನಾರು ದಿನಾನಾ? ಇರ್ಲಿ, ನೀನು ಹೇಳಿದ್ರೆ ಸರೀನೇ ಇರುತ್ತೆ. ಕೋರ್ಟಲ್ಲಿ ಕೂತು ಊರವರ ಮಾತೆಲ್ಲ ಶೀಘ್ರಲಿಪೀಲಿ ಬರ್ಕೊಳ್ಳೋಳು ನೀನು. ...

ಎಲ್ಲ ಚೆನ್ನಾಗಿದ್ದೀವಿ. ನಿಮ್ಮಣ್ಣನೂ ಚೆನ್ನಾಗಿದ್ದಾರೆ. ಅಂದ್ರೆ, ಬದುಕಿದ್ದಾರೆ. ನಾನು ಮೂರು ದಿನದಿಂದ ಮಾತಾಡ್ಸಿಲ್ಲ, ಅಷ್ಟೇ. ... ನಿನ್ನ ಮೊಣಕಾಲು ನೋವು ಹೇಗಿದೆ? ... ಓ, ನಿನಗಲ್ವಾ ಮೊಣಕಾಲು ನೋವು? ಹಾಗಾದ್ರೆ ಯಾರಿಗೆ? ... ನನಗೇನಾ. ಹಾಂ, ಹೌದು. ...

ಏನೂ ಬೇಡ ನನಗೆ. ಏನಾದ್ರೂ ಬೇಕಿದ್ರೆ ಮಾತ್ರ ಫೋನ್ ಮಾಡ್ಬೇಕಾ? ಸುಮ್ಮನೆ, ನೆನಪಾಯ್ತು, ಮಾಡ್ದೆ. ... ಅಂದ ಹಾಗೆ, ಎರಡು ವರ್ಷದ ಹಿಂದೆ ಒಂದು ಟ್ರೇ ಸಸಿ ಕೊಟ್ಟಿದ್ನಲ್ಲ ನಿನಗೆ, ಅವು ಏನಾದ್ವು? ...

ನಗೋದು ಯಾಕೆ? ...

ಯಾವ ಸಸಿ ಅಂದ್ರೆ? ಅದೇ, ನಿಮ್ಮಮ್ಮನ ಗಿಡ. ಬೆಣ್ಣೆ ಬಣ್ಣದ ಸ್ಟಾಕ್ ಹೂವು. ಸಂಜೆ ಆದ್ರೆ ಹಿತ್ತಲ ತುಂಬ ಲವಂಗದ ವಾಸನೆ ಬರುತ್ತಲ್ಲ, ಅದು. ಎಷ್ಟು ಸಸಿ ಕೊಟ್ಟಿದ್ದೆ? ... ಇಪ್ಪತ್ತನಾಲ್ಕು. ಹಾಂ. ... ಗೊತ್ತು, ಇಪ್ಪತ್ತನಾಲ್ಕೂ ನಾಲ್ಕೆಸಳಿನ ಬೋಳು ಹೂವೇ ಬಿಟ್ವು. ಎಸಳು ತುಂಬಿದ ಸುತ್ತಿನ ಹೂ ಒಂದೂ ಬರ್ಲಿಲ್ಲ. ಅದಕ್ಕೇ ಅಲ್ವಾ ನಾವು ಜಗಳ ಆಡಿದ್ದು. ...

ನಿನ್ನ ಮಣ್ಣು ಸರಿಯಿಲ್ಲ ಅಂದಿದ್ದೆ. ಒಪ್ಕೊಳ್ತೀನಿ. ... ನೀರೂ ಸರಿಯಿಲ್ಲ ಅಂದಿದ್ನಾ? ... ಕೈಗುಣಾನೂ? ಅಷ್ಟೆಲ್ಲ ಅಂದಿರಲ್ಲ ನಾನು. ... ತಾರೀಖು ಹೇಳ್ಬೇಡ, ನಂಬಿದೆ. ...

ಸರಿ, ಸುತ್ತಿ ಬಳಸಿ ಹೇಳಲ್ಲ. ಒಂದು ಅನಾಹುತ ಆಗಿದೆ. ... ನಿಮ್ಮಣ್ಣನಿಗೆ ಏನೂ ಆಗಿಲ್ಲ ಅಂದ್ನಲ್ಲ. ಆಗಿರೋದು ನಿಮ್ಮಣ್ಣನಿಂದ. ...

ಕೇಳು. ಈ ಭಾನುವಾರ ಹೂವಿನ ಸಂಘದವರು ನಮ್ಮ ಪಾತಿ ನೋಡೋಕೆ ಬರ್ತಿದ್ದಾರೆ. ಹಳೇ ತಳಿಗಳ ಪಟ್ಟಿಗೆ ಸೇರಿಸ್ಕೊಳ್ತಾರಂತೆ. ಪಾತಿ ತುಂಬಿ ಕಾಣ್ಲಿ ಅಂತ ಡಬ್ಬಿಯಲ್ಲಿದ್ದ ಬೀಜ ಎಲ್ಲ ಬಿತ್ತಿಬಿಟ್ಟಿದ್ದೆ. ... ಎಲ್ಲ. ಅತ್ತೆ ಆಗಿದ್ರೆ ಅರ್ಧ ಎತ್ತಿಡ್ತಿದ್ರು, ಗೊತ್ತು. ನನಗೆ ಆಸೆ. ಅರವತ್ತೊಂದು ಗಿಡ ಬಂತು. ಮೂವತ್ತೆರಡು ಸುತ್ತಿನದು, ಇಪ್ಪತ್ತೊಂಬತ್ತು ನಾಲ್ಕೆಸಳಿನದು. ಬುಧವಾರ ನಾನು ಔಷಧಿ ಅಂಗಡೀಲಿ ಮಾತ್ರೆ ಎಣಿಸ್ತಾ ಕೂತಿರುವಾಗ ಇವರು ಪಾತಿಗೆ ಇಳಿದಿದ್ದಾರೆ. ನಿನಗೇ ಗೊತ್ತಲ್ಲ, ಪುಸ್ತಕ ಕಟ್ಟೋರು. ಅಂಚು ಸಮ ಮಾಡದೆ ಇದ್ರೆ ಅವರಿಗೆ ನಿದ್ದೆ ಬರಲ್ಲ. ಸಂಘದವರ ಮುಂದೆ ಚಂದ ಇರೋದಷ್ಟೇ ಇರ್ಲಿ ಅಂತ, ನಾಲ್ಕೆಸಳಿನ ಗಿಡ ಎಲ್ಲ ಕಿತ್ತು ಹಾಕಿದ್ರು. ...

ಎಲ್ಲ. ಇಪ್ಪತ್ತೊಂಬತ್ತೂ. ಬೇರು ಸಮೇತ. ನಾನು ಮನೆಗೆ ಬಂದ್ರೆ ಬಾಗಿಲಲ್ಲೇ ನಿಂತಿದ್ರು. ಕಣ್ಣು ಮುಚ್ಚು, ಒಂದು ಆಶ್ಚರ್ಯ ತೋರಿಸ್ತೀನಿ ಅಂದ್ರು. ... ನಗು. ನನಗೂ ನಗು ಬರ್ತಿತ್ತು, ಬೇರೆಯವರ ಮನೇಲಿ ಆಗಿದ್ರೆ. ...

ಹುಡುಕ್ದೆ. ಗೊಬ್ಬರದ ಗುಂಡಿಗೆ ಕೈ ಹಾಕಿ ಒಂದೊಂದೇ ಕಡ್ಡಿ ತೆಗೆದು ನೋಡ್ದೆ. ಕಾಯಿ ಇನ್ನೂ ಹಸಿರು, ಒಳಗೆ ನೀರು ನೀರು, ಬೀಜ ಕಟ್ಟೇ ಇಲ್ಲ. ಅದೂ ಬೆರಳುದ್ದ ಬೆರಳುದ್ದ ಕತ್ತರಿಸಿ ಹಾಕಿದ್ದಾರೆ. ಎಲ್ಲ ಒಂದೇ ಅಳತೆ, ಅದರಲ್ಲಿ ತಪ್ಪು ಹುಡುಕೋಕೆ ಆಗಲ್ಲ. ...

ಉಳಿದಿದ್ದರಿಂದ ಬೀಜ ಮಾಡ್ಕೊಳ್ಳಿ ಅಂದ್ರೆ? ಉಳಿದಿರೋದು ಸುತ್ತಿನದು ಕಣೇ. ಸುತ್ತಿನ ಹೂವಲ್ಲಿ ಬೀಜ ಆಗಲ್ಲ. ಅದು ಬರೀ ಎಸಳು, ಒಳಗೆ ಕೇಸರ ಇಲ್ಲ, ಏನಿಲ್ಲ. ಬೀಜ ಆಗೋದು ಆ ನಾಲ್ಕೆಸಳಿನ ಬೋಳು ಹೂವಲ್ಲೇ. ಆ ಬೀಜ ಬಿತ್ತಿದ್ರೆ ಹೆಚ್ಚು ಕಮ್ಮಿ ಅರ್ಧ ಸುತ್ತಿನದು ಬರುತ್ತೆ, ಅರ್ಧ ನಾಲ್ಕೆಸಳಿನದು. ಅತ್ತೆ ಅದಕ್ಕೇ ಎರಡನ್ನೂ ಪಾತೀಲಿ ಬಿಡ್ತಿದ್ರು. ... ನಿನಗೆ ಗೊತ್ತಿರ್ಲಿಲ್ವಾ? ... ಹಾಂ, ನಾನೂ ಹಾಗೇ ಅಂದ್ಕೊಂಡಿದ್ದೆ. ...

ಹಾಗೇ ಅಂದ್ರೆ... ಹಾಗೇ ಅಂದ್ರೆ ಏನೂ ಇಲ್ಲ. ಮಾತಿಗೆ ಅಂದೆ. ...

ಅಂಗಡೀಲಿ ಸಿಗಲ್ಲ ಇದು. ಅಂಗಡಿ ಬೀಜ ಬಿಳಿ, ಗುಲಾಬಿ, ನೇರಳೆ. ಹಳದಿ ಅಂತ ಒಂದು ಪೊಟ್ಟಣ ತಂದಿದ್ದೆ, ಅದು ಗೋಡೆಗೆ ಹೊಡೆಯೋ ಸುಣ್ಣದ ಹಳದಿ. ವಾಸನೇನೂ ಇಲ್ಲ, ಮೂಗು ಒಳಗೆ ತೂರಿಸಿದ್ರೂ ಇಲ್ಲ. ನಿಮ್ಮಮ್ಮ ನಲವತ್ತು ವರ್ಷ ಕೆಮ್ಮಿನ ಮಾತ್ರೆ ಡಬ್ಬೀಲಿ ಇಟ್ಟು ಕಾಪಾಡಿದ ಬೀಜ. ನನ್ನ ಕೈಗೆ ಬಂದು ಮೂರೇ ವರ್ಷಕ್ಕೆ ಮುಗಿದುಹೋಯ್ತು ಅಂದ್ರೆ ನಾನು ಯಾರಿಗೆ ಮುಖ ತೋರಿಸ್ಲಿ, ಹೇಳು. ಅದಕ್ಕೇ ಕೇಳ್ತಿರೋದು. ಆ ಗಿಡಗಳಲ್ಲಿ ಕಾಯಿ ಏನಾದ್ರೂ ಬಿಟ್ಟಿತ್ತಾ? ಒಂದು ಚಿಟಿಕೆ ಬೀಜ ಏನಾದ್ರೂ... ...

ಕಿತ್ತು ಹಾಕ್ದ್ಯಾ? ...

ಅವತ್ತೇ? ...

ಎಲ್ಲಾನೂ? ...

ನಿನ್ನ ತಪ್ಪಲ್ಲ ಬಿಡು. ಬೋಳು ಹೂ ನೋಡಿ ಯಾರು ತಾನೇ ಇಟ್ಕೊಳ್ತಾರೆ. ನೀನು ಕಿತ್ತು ಬಿಸಾಡ್ತೀಯ ಅಂತ ನನಗೆ... ಏನಿಲ್ಲ. ...

ಏನಂದೆ? ... ಸುಳ್ಳಾ? ಈಗ ಹೇಳಿದ್ದು ಸುಳ್ಳಾ? ... ಇಷ್ಟು ದೊಡ್ಡವಳಾಗಿ ಇಂಥ ತಮಾಷೆ ಮಾಡ್ತಾರಾ? ... ಇವೆಯಾ? ಎಷ್ಟು ಇವೆ? ... ಒಂದು ಪಾತಿ ಪೂರ್ತಿ? ...

ಸುತ್ತಿನದೂ ಇದೆಯಾ ಅದರಲ್ಲಿ? ... ಹೋದ ವರ್ಷದಿಂದಾನೇ? ಒಂದು ಮಾತು ಹೇಳ್ಬಾರ್ದಾ ಮತ್ತೆ? ... ಹಾಂ, ಮಾತು ಬಿಟ್ಟಿದ್ವಿ, ನಿಜ. ...

ತಡಿ ತಡಿ. ನಾಲ್ಕೆಸಳಿನದರಲ್ಲೇ ಬೀಜ ಆಗುತ್ತೆ ಅಂತ ಈಗಷ್ಟೇ ಗೊತ್ತಾಯ್ತು ಅಂದ್ಯಲ್ಲ. ... ಅದೂ ಸುಳ್ಳಾ. ... ಯಾರು ಹೇಳಿದ್ರು? ನಿಮ್ಮಮ್ಮಾನಾ? ... ಎಷ್ಟನೇ ವಯಸ್ಸಲ್ಲಿ? ... ಎಂಟು ವರ್ಷದವಳಿಗೆ ಇದನ್ನೆಲ್ಲ ಹೇಳಿಕೊಡ್ತಾರಾ? ನನಗೆ ಹೇಳಿದ್ದು ಮದುವೆ ಆಗಿ ಹನ್ನೊಂದು ವರ್ಷ ಆದ ಮೇಲೆ. ...

ಹಾಗಾದ್ರೆ... ಎಲೆ ಬಣ್ಣದ ವಿಷಯಾನೂ ಹೇಳಿದ್ರಾ? ...

ಹ್ಮ್. ...

ಟ್ರೇ ಬಿಚ್ಚಿದ ಕೂಡ್ಲೇ ಗೊತ್ತಾಯ್ತಾ? ನಿಮ್ಮ ಬಾಗಿಲಲ್ಲೇ? ನಾನು ಎದುರಿಗೇ ನಿಂತಿದ್ನಲ್ಲ. ನೀನು ಥ್ಯಾಂಕ್ಸ್ ಬೇರೆ ಹೇಳಿದೆ. ... ನಗ್ತಾ ಹೇಳಿದೆ ಕಣೇ. ಬಲು ಗಟ್ಟಿ ಪಿಂಡ ನೀನು. ...

ಏನು ಹೇಳ್ಬೇಕು? ನಿನಗೆ ಗೊತ್ತೇ ಇದೆಯಲ್ಲ, ಮತ್ತೆ ನಾನು ಯಾಕೆ ಬಾಯಿ ಬಿಟ್ಟು ಹೇಳ್ಬೇಕು? ... ಹೇಳಿದ್ರೆ ಬೀಜ ಕೊಡ್ತೀಯಾ? ... ಮೊದ್ಲು ಹೇಳಿ, ಆಮೇಲೆ ನೋಡೋಣ ಅಂದ್ರೆ ಹೇಗೆ? ...

ಅದೇನು ಸದ್ದು? ಪೆನ್ನಾ? ಬರ್ಕೊಳ್ತಿದ್ದೀಯಾ? ...

ಸರಿ. ಬರ್ಕೋ. ಸಸಿ ಎರಡೆಲೆ ಬಿಟ್ಟ ಮೇಲೆ ಟ್ರೇನ ತಣ್ಣಗಿರೋ ಕಡೆ ನಾಲ್ಕು ದಿನ ಇಟ್ಟೆ. ... ನಿಧಾನಕ್ಕೇ ಹೇಳ್ತಿದ್ದೀನಿ. ನಾಲ್ಕು ದಿನ. ಆಗ ಸುತ್ತಿನ ಹೂ ಬಿಡೋ ಸಸಿ ತಿಳಿ ಹಸಿರಾಗುತ್ತೆ, ನಾಲ್ಕೆಸಳಿನದು ಕಡು ಹಸಿರಾಗೇ ಇರುತ್ತೆ. ಕಡು ಹಸಿರು ಇರೋದನ್ನ ಮಾತ್ರ ಆರಿಸಿ, ಇಪ್ಪತ್ತನಾಲ್ಕು, ನಿನಗೆ ಕೊಟ್ಟೆ. ... ಹೌದು, ಬೇಕು ಅಂತಾನೇ. ... "ಉದ್ದೇಶಪೂರ್ವಕವಾಗಿ" ಅಂತಾನೇ ಬರೀಬೇಕಾ? ಬರ್ಕೋ ಮಾರಾಯ್ತಿ, ನಿಮ್ಮ ಕೋರ್ಟಿನ ಪದ. ...

ಬೀಜ ಬಿತ್ತಿದ್ರೆ ಮುಂದಿನ ವರ್ಷ ಸುತ್ತಿನದೂ ಬರುತ್ತೆ ಅಂತ ಗೊತ್ತಿತ್ತು. ಆದ್ರೆ ನೀನು ಅಲ್ಲೀವರೆಗೂ ಕಾಯಲ್ಲ, ಬೋಳು ಹೂ ನೋಡಿದ ದಿನವೇ ಸಿಟ್ಟು ಮಾಡ್ಕೊಂಡು ಕಿತ್ತು ಹಾಕ್ತೀಯ ಅಂತ ಲೆಕ್ಕ ಹಾಕಿದ್ದೆ. ... ಲೆಕ್ಕ ತಪ್ಪು. ಅದನ್ನೂ ಬರ್ಕೋ. ಕಿತ್ತು ಹಾಕೋ ಸ್ವಭಾವ ನಿಮ್ಮ ಮನೆತನದಲ್ಲಿ ಇದ್ದೇ ಇದೆ, ಆದ್ರೆ ಅದು ಅಣ್ಣನ ಪಾಲಿಗೆ ಹೋಗಿದೆ ಅಂತ ನನಗೆ ಗೊತ್ತಿರ್ಲಿಲ್ಲ. ...

ಯಾಕೆ ಅಂದ್ರೆ? ... ಆಗಿದ್ದು ಹೇಳಿದ್ನಲ್ಲ, ಯಾಕೆ ಅನ್ನೋದೂ ಬೇಕಾ? ... ಹೊಟ್ಟೆಕಿಚ್ಚು ಅಂತ ಬರ್ಕೋ. ... ಅಲ್ವಾ? ಮತ್ತೆ ಏನು ಅಂತ ನಿನಗನ್ಸುತ್ತೆ? ... ಹೂವಿನ ಸಂಘದ ಪಟ್ಟೀಲಿ ಹೆಸರು ಬರ್ಲಿ ಅಂತಾನಾ? ಆಗ ಆ ಸಂಘ ಇದೆ ಅಂತಾನೇ ನನಗೆ ಗೊತ್ತಿರ್ಲಿಲ್ಲ. ...

ಪೆನ್ನು ಕೆಳಗಿಡು, ಹೇಳ್ತೀನಿ. ... ಇಟ್ಯಾ? ... ನಿಮ್ಮಮ್ಮ ಇದ್ದಾಗ ನೀನು ವರ್ಷ ವರ್ಷ ಹೂ ಬಿಡೋ ಹೊತ್ತಿಗೆ ಬರ್ತಿದ್ದೆ. ಒಂದು ವಾರ ಇರ್ತಿದ್ದೆ. ಹಿತ್ತಲ ಮೆಟ್ಟಿಲ ಮೇಲೆ ಕೂತು, ನಿಮ್ಮ ಆಫೀಸಿನ ಸಾಹೇಬರು ಹೇಗೆ ಸೀನ್ತಾರೆ ಅಂತ ತೋರಿಸ್ತಿದ್ದೆ. ಅತ್ತೆ ತೀರಿಕೊಂಡ ವರ್ಷವೂ ಬಂದೆ. ಬಂದವಳು ಒಂದೇ ದಿನ ಇದ್ದು ಏನಂದೆ, ನೆನಪಿದೆಯಾ? ... "ಸಸಿ ಕೊಡಿ ಅತ್ತಿಗೆ, ನಮ್ಮನೇಲೇ ಬೆಳ್ಕೊಳ್ತೀನಿ, ಇನ್ನು ಇಷ್ಟು ದೂರ ಬರೋದು ತಪ್ಪುತ್ತೆ" ಅಂದೆ. ನಿನ್ನ ಬಾಯಿಂದ ಬಂದ ಮಾತು ಅದು, ಅಕ್ಷರ ತಪ್ಪಿಲ್ಲ. ... ಅದಕ್ಕೇ. ...

ಅಳ್ತಿದ್ದೀಯಾ, ನಗ್ತಿದ್ದೀಯಾ? ಗೊತ್ತಾಗ್ತಿಲ್ಲ ಇಲ್ಲಿಗೆ. ... ನಗ್ತಿರೋದಾ. ಸರಿ. ... ನೇರವಾಗಿ "ಬಾ" ಅಂದಿದ್ರೆ ಸಾಕಿತ್ತಾ? ನನಗೇನು ಗೊತ್ತು. ಇಪ್ಪತ್ತನಾಲ್ಕು ಸಸಿ ಆರಿಸೋದು ಅದಕ್ಕಿಂತ ಸುಲಭ ಅನ್ನಿಸ್ತು. ...

ಹಾಗಾದ್ರೆ ಬೀಜ? ... ಕೊಡ್ತೀಯಾ? ಕಾಯಿ ಒಣಗಿದೆಯಾ? ನೋಡು, ಒಣಗಿದ ಮೇಲೆ ಬಿಡ್ಬಾರ್ದು, ಬಿರಿದು ಎಲ್ಲ ಹಾರಿಹೋಗುತ್ತೆ. ಅಂಗಡಿಯ ಮಾತ್ರೆ ಲಕೋಟೆ ತರ್ತೀನಿ, ಒಂದು ಐವತ್ತು ಸಾಕಾ? ...

ಬೀಜ ಕೊಡಲ್ವಾ? ಮತ್ತೆ? ... ಸಸಿ ಕೊಡ್ತೀಯಾ. ಸಂತೋಷ. ಸಸಿನೂ ಆಗುತ್ತೆ. ಎಷ್ಟು? ... ಅರವತ್ತಾ? ಅಷ್ಟೊಂದಾ? ನಿನ್ನಷ್ಟು ದೊಡ್ಡ ಮನಸ್ಸು ನನಗಿಲ್ಲ ಬಿಡು, ಒಪ್ಕೊಂಡೆ. ...

ಆರಿಸಿ ಕೊಡ್ತೀಯಾ? ... ಹೇಗೆ ಆರಿಸಿ? ...

ತಿಳಿ ಹಸಿರು ಮಾತ್ರಾನಾ. ...

ಇರು, ನಾನು ಸರಿಯಾಗಿ ಕೇಳಿಸ್ಕೊಳ್ತೀನಿ. ಅರವತ್ತೂ ಸುತ್ತಿನ ಹೂವೇ. ಪಾತಿ ತುಂಬ ಹೂ, ವಾಸನೆ, ಎಲ್ಲ ಇರುತ್ತೆ. ಬೀಜ ಮಾತ್ರ ಒಂದೂ ಆಗಲ್ಲ. ಅದರ ಮುಂದಿನ ವರ್ಷಕ್ಕೆ ನನ್ನ ಡಬ್ಬಿ ಖಾಲಿ. ಆಗ ನಾನು ಮತ್ತೆ ನಿನ್ನ ಹತ್ರ ಬರ್ಬೇಕು. ... ಅದರ ಮುಂದಿನ ವರ್ಷವೂ. ... ಪ್ರತಿ ವರ್ಷವೂ? ನಾನೇ ಬರ್ಬೇಕಾ? ನಿಮ್ಮಣ್ಣನ್ನ ಕಳಿಸಿದ್ರೆ ಆಗಲ್ವಾ? ... ಹಾಂ, ಅವರನ್ನ ಪಾತಿ ಹತ್ರ ಬಿಡೋದು ಬೇಡ, ಅದು ಸರಿ. ...

ನನ್ನ ಮೊಣಕಾಲು? ... ಈಗ ನೆನಪಾಯ್ತಾ ನಿನಗೆ, ನನಗೆ ಮೊಣಕಾಲು ನೋವು ಅಂತ. ... ಬಂದ್ರೆ ಒಂದು ವಾರ ಇರ್ಲೇಬೇಕಾ? ಅಂಗಡೀಲಿ ರಜ ಕೊಡಲ್ಲ ಕಣೇ. ನಾಲ್ಕು ದಿನ? ... ಐದು? ... ಆಯ್ತು, ಒಂದು ವಾರ. ಬಲು ಕಟುಕಿ ನೀನು. ...

ಒಂದೇ ಒಂದು ಕಡು ಹಸಿರು ಸಸಿ ಸೇರಿಸಲ್ವಾ? ಅರವತ್ತರಲ್ಲಿ ಒಂದು. ಸಂಘದವರು ಕೇಳಿದ್ರೆ ತೋರಿಸೋಕೆ. ... ಸಂಘದವರನ್ನ ನಿನ್ನ ಹತ್ರಾನೇ ಕಳಿಸ್ಲಾ? ಅವರ ಪಟ್ಟೀಲಿ ಯಾರ ಹೆಸರು ಬರೆಸ್ತೀಯಾ? ... ಅತ್ತೆಯದಾ. ... ಹಾಂ. ಅದೇ ಸರಿ. ಅದರಲ್ಲಿ ನನ್ನದೇನೂ ತಕರಾರಿಲ್ಲ. ...

ಸಸಿ ಮುಂದಿನ ಬಿತ್ತನೆಗೆ ಇರ್ಲಿ, ಪಾತಿ ನೋಡೋಕೆ ಮುಂದಿನ ಶನಿವಾರವೇ ಬರ್ತೀನಿ. ... ಕಾಯಿ ಒಣಗೋ ಹೊತ್ತಿಗೆ ಬರ್ಬೇಡಿ ಅಂದ್ರೆ? ಯಾಕೆ? ... ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ? ... ಜೇಬಿಲ್ಲದ ಬಟ್ಟೆ ಹಾಕ್ಕೊಂಡು ಬರ್ಬೇಕಾ? ಕೇಳಿದ್ರೆ ಜನ ಏನಂತಾರೆ, ನಾದಿನಿ ಮನೆ ಬಾಗಿಲಲ್ಲಿ ಅತ್ತಿಗೆಗೆ ತಪಾಸಣೆ. ...

ಆಯ್ತು ಆಯ್ತು, ಹಾಗೇ ಬರ್ತೀನಿ. ... ಆಣೆನಾ? ಪೆನ್ನು ಮತ್ತೆ ಎತ್ಕೊಂಡ್ಯಾ? ... ಬರ್ಕೋ ಹಾಗಾದ್ರೆ. ನಾನು ಪ್ರತಿ ವರ್ಷ ಬರ್ತೀನಿ. ಒಂದು ವಾರ ಇರ್ತೀನಿ. ಮೆಟ್ಟಿಲ ಮೇಲೆ ಸುಮ್ಮನೆ ಕೂತಿರ್ತೀನಿ. ಒಂದು ಕಾಯಿ ಕೂಡ ಕದಿಯಲ್ಲ ಅಂತ ಮಾತ್ರ ಹೇಳೋಕಾಗಲ್ಲ. ... ಹೌದು, ಉದ್ದೇಶಪೂರ್ವಕವಾಗಿ. ... ಬರ್ಕೊಂಡ್ಯಾ? ... ಪುಟ್ಟಿ? ಹಲೋ... ಹಲೋ, ಬರ್ಕೊಂಡ್ಯಾ ಅಂ—