ಒಂಬತ್ತನೇ ನಂಬರು ಯಾರ ಪಾಲಿಗೆ?

ಕುರ್ಚಿ ಬೇಡ ಕಣೋ, ಬೇಡ… ಎರಡೇ ನಿಮಿಷ. ನೀನು ಆ ಫ್ಯಾನ್ ಬಿಚ್ಚು, ನಿನ್ನ ಕೆಲಸಕ್ಕೆ ನಾನ್ಯಾಕೆ ಅಡ್ಡ ಬರಲಿ? ಯಾಕೆ ನಗ್ತೀಯ? ಹೌದಪ್ಪ, ಹದಿನೇಳು ವರ್ಷ ಫುಟ್‌ಬಾಲಲ್ಲಿ ಡಿಫೆಂಡರ್ ಆಗಿದ್ದವನು, ಅಡ್ಡ ಬರೋದೇ ನನ್ನ ಕಸುಬು!

ನಿನ್ನ ಮಗಳ ವಿಷಯಕ್ಕೆ ಬಂದೆ. ನಾನು ಕೋಚ್ ಆಗಿ ಹನ್ನೊಂದು ವರ್ಷ ಆಯ್ತು, ಅಂಥ ಡಿಫೆಂಡರ್ ಹುಡುಗಿ ಸಿಕ್ಕಿರಲಿಲ್ಲ. ಮುಖಸ್ತುತಿ ಅಲ್ಲ ಕಣೋ! ನಾಳೆ ಮ್ಯಾಚಿಗೆ ನೀನೇ ಕ್ಯಾಪ್ಟನ್ ಕಣಮ್ಮ ಅಂತ ತೋಳಿಗೆ ಪಟ್ಟಿ ಹಾಕಿದೆ. ತೆಗೆದು ನನ್ನ ಕೈಗೇ ವಾಪಸ್ ಕೊಟ್ಟಳು. "ಯಾರ ತಪ್ಪಿಂದ ಫೈನಲ್ ಸೋತ್ರೋ ಅವರ ಮಗಳೇ ಕ್ಯಾಪ್ಟನ್ ಅಂದ್ರೆ ಜನ ಆಡ್ಕೋತಾರೆ, ಬೇಡ ಸಾರ್" ಅಂದಳು. ನೀನೊಂದು ಮಾತು ಹೇಳೋ. ಅಪ್ಪ ಹೇಳಿದ್ರೆ ಕೇಳ್ತಾಳೆ.

ಯಾಕೆ ಹಾಗೆ ನೋಡ್ತೀಯ?

ಹದಿನೆಂಟು ವರ್ಷದ ಹಿಂದಿನ ಕಥೆ ಅದು, ಬಿಡು! ಕೊನೇ ನಿಮಿಷ, ಕಾರ್ನರ್ ಕಿಕ್. ಎದುರು ಟೀಮಿನ ಒಂಬತ್ತನೇ ನಂಬರಿನವನು ಆರಾಮಾಗಿ ಹೆಡ್ ಮಾಡಿದ, ಗೋಲು. ಅವನನ್ನ ಕಾಯಬೇಕಾಗಿದ್ದವನು ನೀನು… ಅಂತ ಎಲ್ಲರೂ ಅಂದ್ರು. ನಾನೊಬ್ಬನೇನಾ? ಪೇಪರಿನವರು ಬರೆದ್ರು, ಮ್ಯಾನೇಜರ್ ಕೂಗಾಡಿದ್ರು. ಹೌದು, ಮೊದಲು ನಿನ್ನ ಕಡೆ ಕೈ ತೋರಿಸಿದವನು ನಾನೇ. ಗೋಲು ಬಿದ್ದ ತಕ್ಷಣ ಡಿಫೆಂಡರ್ ಕೈ ತಾನಾಗೇ ಪಕ್ಕದವನ ಕಡೆ ಹೋಗುತ್ತೆ, ನಿನಗೆ ಗೊತ್ತಿಲ್ವಾ? ಈಗ ನನ್ನ ಟೀಮಿನಲ್ಲಿ ಯಾರಾದ್ರೂ ಹಾಗೆ ಕೈ ತೋರಿಸಿದ್ರೆ ಮೈದಾನ ಹತ್ತು ಸುತ್ತು ಓಡಿಸ್ತೀನಿ. ಹತ್ತು!

ಮಾತಾಡೋ… ಬೈಯೋದಾದ್ರೂ ಬೈ. ಸ್ಕ್ರೂಡ್ರೈವರ್ ಯಾಕೆ ಕೆಳಗಿಟ್ಟೆ?

ಆಯ್ತು… ಆಯ್ತಪ್ಪ. ಬದಲಾಯಿಸೋಣ ಅಂದವನು ನಾನು. ಕಾರ್ನರ್ ಹೊಡೆಯೋಕೆ ಮುಂಚೆ ನಿನ್ನ ಹತ್ರ ಓಡಿಬಂದು, "ಆ ಎತ್ತರದವನನ್ನ ನೀನು ಹಿಡಿ, ಒಂಬತ್ತನೇ ನಂಬರು ನನಗಿರಲಿ" ಅಂದೆ. ನೀನು ನಿನ್ನವನನ್ನ ಹಿಡಿದಿದ್ದೆ. ನಾನು ಚೆಂಡು ನೋಡ್ತಾ ನಿಂತುಬಿಟ್ಟೆ ಕಣೋ, ಅವನನ್ನ ಮರೆತೇಬಿಟ್ಟೆ! ನಿನ್ನನ್ನ ಟೀಮಿಂದ ತೆಗೆದ್ರು. ನಾನು ಇನ್ನೂ ಆರು ವರ್ಷ ಆಡಿದೆ, ಹಾರ ಹಾಕಿಸ್ಕೊಂಡೆ. ನೀನ್ಯಾಕೋ ಅವತ್ತೇ ಬಾಯಿ ಬಿಡಲಿಲ್ಲ?

ಇನ್ನೂ ಯಾಕೆ ನೋಡ್ತೀಯ? ಎಲ್ಲಾ ಹೇಳಿದ್ನಲ್ಲ… ಇಲ್ಲ, ಎಲ್ಲಾ ಹೇಳಿಲ್ಲ. ಇವತ್ತು ಬೆಳಿಗ್ಗೆ ಅವಳು ಕೇಳಿದಳು, "ಸಾರ್, ನೀವು ಪಕ್ಕದಲ್ಲೇ ಇದ್ರಲ್ಲ, ತಪ್ಪು ನಿಜವಾಗ್ಲೂ ಅಪ್ಪಂದೇನಾ?" ಅಂತ. ಹೌದಮ್ಮ ಅಂದುಬಿಟ್ಟೆ. ಆಮೇಲೇ ಕಣೋ ಅವಳು ಪಟ್ಟಿ ತೆಗೆದುಕೊಟ್ಟಿದ್ದು.

ಏನಿದು, ಫೋನ್ ಯಾಕೆ ಕೊಡ್ತೀಯ? ಬೇಡ ಕಣೋ, ನಾಳೆ… ಮ್ಯಾಚ್ ಮುಗೀಲಿ… ಏ, ರಿಂಗ್ ಆಗ್ತಿದೆ! ನೀನೇ ಮಾತಾಡೋ, ನಿನ್ನ ಮಗಳಲ್ವಾ…

ಹಲೋ… ಅಪ್ಪ ಅಲ್ಲಮ್ಮ, ನಾನು ಕೋಚ್. ಅಪ್ಪ ಇಲ್ಲೇ ಇದ್ದಾರೆ, ಚೆನ್ನಾಗಿದ್ದಾರೆ. ಬೆಳಿಗ್ಗೆ ನೀನು ಕೇಳಿದೆಯಲ್ಲ… ಸುಳ್ಳು ಹೇಳಿದೆ ಕಣಮ್ಮ. ಆ ಒಂಬತ್ತನೇ ನಂಬರಿನವನನ್ನ ಬಿಟ್ಟವನು ನಿಮ್ಮಪ್ಪ ಅಲ್ಲ… ನಾನು.