ದೇವರ ಟಗರಿನ ವಿಡಿಯೊಗೆ ಹೊಸ ಹೆಸರು

ಶಿರಾ ಬಸ್ ನಿಲ್ದಾಣದಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದ ಸ್ನೇಹಲತಾ ಟೀಚರ ಕಿವಿ ಆಗಲೇ ಪಕ್ಕದ ಬೆಂಚಿಗೆ ವರ್ಗವಾಗಿತ್ತು. ಅಲ್ಲಿ ಹುಲಿಕುಂಟೆಯ ಕರಿಯಕ್ಕ, ಆನ್‌ಲೈನಿನಲ್ಲಿ ಕುರಿ ಮಾರುವ ತಮ್ಮ ರಾಜಣ್ಣನ ಫೋನು ಕಸಿದುಕೊಂಡಿದ್ದಳು.

“ಲೇ, ದೇವ್ರಿಗೆ ಬುಟ್ಟಿರೋ ಟಗರಿನ ವಿಡಿಯೊನೂ ಮಾರೋ ಕುರಿಗಳ ಜೊತೆ ಸೇರ್ಸಿದ್ದೀಯಲ್ಲೋ!”

“ಅಂಗಡಿ ಚೆಂದ ಕಾಣ್ಲಿ ಅಂತ ಕಣಕ್ಕ. ಯಾರೂ ಮುಟ್ಬಾರ್ದು ಅಂತ ‘ದೇವರ ಟಗರು’ ಅಂತ್ಲೇ ಹೆಸ್ರು ಹಾಕಿವ್ನಿ.”

“ಮತ್ತೆ ಇಲ್ಲಿ ಬುಕ್ ಆಗೈತೆ ಅಂತ ತೋರಿಸ್ತೈತಲ್ಲ, ಹೆಂಗ್ಲಾ? ಯಾವನವನು, ದೇವ್ರ ಭಯ ಇಲ್ದೋನು?”

“ನಮ್ಮ ಗುಡಿ ಪೂಜಾರಪ್ಪ. ಮಗಳ ಬೀಗರೂಟಕ್ಕಂತೆ. ಕೊಡ್ದಿದ್ರೆ ಗುಡಿಯೊಳಕ್ಕೆ ಬುಡಾಕಿಲ್ಲ ಅಂತವ್ನೆ.”

ಹುಲಿಕುಂಟೆ ಬಸ್ಸು ಬಂತು. ಕರಿಯಕ್ಕ ಸೆರಗು ಸಿಕ್ಕಿಸಿ, ತಮ್ಮನನ್ನು ಮುಂದಕ್ಕೆ ತಳ್ಳಿಕೊಂಡು ಹತ್ತುತ್ತಲೇ ನಿಲ್ದಾಣಕ್ಕೆಲ್ಲ ಕೇಳುವಂತೆ ಹೇಳಿದಳು:

“ಹೆದರ್ಬ್ಯಾಡ, ವಿಡಿಯೊ ಹೆಸ್ರು ಬದಲಾಯ್ಸು. ‘ಪೂಜಾರಪ್ಪ ಬೀಗರೂಟಕ್ಕೆ ಹಿಡ್ದಿರೋ ದೇವರ ಟಗರು’ ಅಂತ ಹಾಕಿ, ಎಲ್ಲಾದಕ್ಕಿಂತ ಮ್ಯಾಲಿಡು. ಬೀಗರೂ ನೋಡ್ಲಿ, ಊರೂ ನೋಡ್ಲಿ!”